ನಿಮ್ಮ ದಿನ ಹೇಗಿರುತ್ತೆ ಅಂತ ಮೊದಲು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಎಚ್‌ಐವಿ ಮಾತ್ರೆಗಳ ಬಗ್ಗೆ ಕೇಳಿದವೇ ಜಾಸ್ತಿ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ: ನಾನು ಫಾರ್ಮಸಿಸ್ಟ್. ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಮಾತ್ರೆ ಕೊಡುವುದು, ಹೇಗೆ ನುಂಗಬೇಕು ಅಂತ ಹೇಳಿಕೊಡುವುದು, ತಿಂಗಳ ಕೊನೆಯಲ್ಲಿ ಉಳಿದು ಬಂದ ಮಾತ್ರೆ ಎಣಿಸುವುದು ನನ್ನ ಕೆಲಸ. ಬರೆದವರ ಗುರುತು ಸಿಗದ ಹಾಗೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಹೋದ ತಿಂಗಳು ಎಚ್‌ಐವಿ ಇದೆ ಅಂತ ಗೊತ್ತಾಯಿತು. ಡಾಕ್ಟರ್ ಕೂಡಲೇ ಮಾತ್ರೆ ಶುರು ಮಾಡೋಣ ಅಂದರು. ನಾನು ಒಂದು ವಾರ ಟೈಮ್ ಕೇಳಿದ್ದೇನೆ. ನನ್ನದು ಶಿಫ್ಟ್ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಅಣ್ಣ ಅತ್ತಿಗೆ ಜೊತೆ ಇದ್ದೇನೆ, ಅವರಿಗೆ ವಿಷಯ ಗೊತ್ತಿಲ್ಲ. ಜ್ವರದ ಮಾತ್ರೆಯನ್ನೇ ಐದು ದಿನ ನೆಟ್ಟಗೆ ನುಂಗಿದವನಲ್ಲ ನಾನು. ಜೀವಮಾನವಿಡೀ ನುಂಗೋದು ಅಂದ್ರೆ ಭಯ ಆಗುತ್ತೆ. ಯಾವ ಮಾತ್ರೆ ತಗೊಂಡ್ರೆ ಕಷ್ಟ ಕಡಿಮೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ವಿಷಯ ಇದೆ. ಶಿಫ್ಟ್ ಕೆಲಸ, ಮನೆಯಲ್ಲಿ ಗೊತ್ತಿಲ್ಲ, ಮಾತ್ರೆ ಮರೆಯುವ ಅಭ್ಯಾಸ. ಈ ಮೂರನ್ನೂ ಡಾಕ್ಟರ್ ಹತ್ತಿರ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ ಅಂತ ನನ್ನ ಊಹೆ. ಬಹಳ ಜನ ಹೇಳುವುದಿಲ್ಲ. ಇದೆಲ್ಲ ಡಾಕ್ಟರ್‌ಗೆ ಯಾಕೆ ಬೇಕು, ಅವರು ರಕ್ತದ ರಿಪೋರ್ಟ್ ನೋಡಿ ಬರೆದುಕೊಡುತ್ತಾರೆ ಅಂದುಕೊಳ್ಳುತ್ತಾರೆ. ರಿಪೋರ್ಟ್ ನೋಡಲೇಬೇಕು, ನಿಜ. ಆದರೆ ಅದರಲ್ಲಿ ನೀವು ಯಾವಾಗ ಮಲಗುತ್ತೀರಿ, ಯಾವಾಗ ಉಣ್ಣುತ್ತೀರಿ, ಯಾರ ಕಣ್ಣು ತಪ್ಪಿಸಿ ನುಂಗಬೇಕು ಅನ್ನುವುದು ಇರುವುದಿಲ್ಲ. ಮಾತ್ರೆ ಆರಿಸುವಾಗ ಅದೂ ಅಷ್ಟೇ ಮುಖ್ಯ.

ಒಂದು ಕಾಲದಲ್ಲಿ ಆರಿಸುವ ಮಾತೇ ಇರಲಿಲ್ಲ. 1987ರಲ್ಲಿ ಮೊದಲ ಔಷಧಿ ಎಝಡ್‌ಟಿ ಬಂದಾಗ ನಾಲ್ಕು ಗಂಟೆಗೊಮ್ಮೆ ನುಂಗಬೇಕಿತ್ತು, ನಡುರಾತ್ರಿಯೂ ಎದ್ದು. 1996ರಲ್ಲಿ ಮೂರು ಔಷಧಿ ಸೇರಿಸಿ ಕೊಡುವ ಪದ್ಧತಿ ಬಂತು, ಸಾವು ಇಳಿಯಿತು. ಆದರೆ ಆಗಿನ ಇಂಡಿನಾವಿರ್ ಎಂಟು ಗಂಟೆಗೊಮ್ಮೆ, ಖಾಲಿ ಹೊಟ್ಟೆಗೆ. ಕಿಡ್ನಿಯಲ್ಲಿ ಕಲ್ಲಾಗದಿರಲಿ ಅಂತ ದಿನವಿಡೀ ನೀರು ಕುಡಿಯುತ್ತಲೇ ಇರಬೇಕಿತ್ತು. ದಿನಕ್ಕೊಂದೇ ಮಾತ್ರೆಯಲ್ಲಿ ಇಡೀ ಚಿಕಿತ್ಸೆ ಮುಗಿಯುವಂಥದ್ದು ಮೊದಲು ಬಂದದ್ದು 2006ರಲ್ಲಿ. ನೀವು ಶುರು ಮಾಡುತ್ತಿರುವ ಕಾಲ ಅದಕ್ಕಿಂತ ಎಷ್ಟೋ ಮೇಲು.

ಈಗ ಹೊಸದಾಗಿ ಶುರು ಮಾಡುವ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಡೊಲುಟೆಗ್ರಾವಿರ್ ಇರುವ ಚಿಕಿತ್ಸೆಯನ್ನೇ ಮೊದಲ ಆಯ್ಕೆ ಅನ್ನುತ್ತಿದೆ. ನಿಮ್ಮ ಶಿಫ್ಟ್ ಕೆಲಸಕ್ಕೂ ಇದು ಹೊಂದುತ್ತದೆ. ಊಟದ ಜೊತೆಗೂ ನುಂಗಬಹುದು, ಊಟ ಇಲ್ಲದೆಯೂ ನುಂಗಬಹುದು. ಒಂದೆರಡು ಗಂಟೆ ಆಚೀಚೆ ಆದರೆ ಗಾಬರಿ ಬೇಡ. ಎಲ್ಲಕ್ಕಿಂತ ದೊಡ್ಡ ಮಾತು, ವೈರಸ್ ಈ ಔಷಧಿಗೆ ಬಗ್ಗದ ಹಾಗೆ ತನ್ನನ್ನು ಬದಲಾಯಿಸಿಕೊಳ್ಳುವುದು ಕಷ್ಟ. ಹಳೆಯ ಕೆಲವು ಔಷಧಿಗಳಲ್ಲಿ ಅಪರೂಪಕ್ಕೆ ಡೋಸ್ ತಪ್ಪಿದರೂ ಆ ಔಷಧಿಯೇ ಕೈಬಿಟ್ಟು ಹೋಗುವ ಅಪಾಯವಿತ್ತು. ಇದರಲ್ಲಿ ಆ ಅಪಾಯ ಬಹಳ ಕಡಿಮೆ. ಮರೆಯುವ ಅಭ್ಯಾಸ ಇರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಅದಕ್ಕೇ ನಿಮ್ಮ ಅಭ್ಯಾಸವನ್ನು ಬಚ್ಚಿಡಬೇಡಿ. 'ನಾನು ಮರೆಯುವವನು' ಅಂತ ನೀವು ಮೊದಲೇ ಹೇಳಿದರೆ ಡಾಕ್ಟರ್ ಒಂದೆರಡು ಡೋಸ್ ತಪ್ಪಿದರೂ ತಡೆದುಕೊಳ್ಳುವ ಔಷಧಿ ಕೊಡುತ್ತಾರೆ. ಹಾಗೆ ತಡೆದುಕೊಳ್ಳದ ಔಷಧಿಯೂ ಇದೆ, ಉದಾಹರಣೆಗೆ ರಿಲ್ಪಿವಿರಿನ್. ಚಿಕ್ಕ ಮಾತ್ರೆ, ತೊಂದರೆಯೂ ಕಡಿಮೆ. ಆದರೆ ಹೊಟ್ಟೆ ತುಂಬ ಊಟದ ಜೊತೆಗೇ ನುಂಗಬೇಕು, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಎಣಿಕೆ) ಒಂದು ಲಕ್ಷಕ್ಕಿಂತ ಜಾಸ್ತಿ ಇರುವವರಿಗೆ ಶುರುವಿನಲ್ಲಿ ಕೊಡುವುದಿಲ್ಲ, ಡೋಸ್ ತಪ್ಪಿದರೆ ವೈರಸ್ ಬೇಗ ಕೈಮೀರುತ್ತದೆ. ರಾತ್ರಿ ಪಾಳಿಯಲ್ಲಿ ಹೊತ್ತಿಗೆ ಊಟವೇ ಸಿಗದ ನಿಮಗೆ ಅದು ಹೇಳಿ ಮಾಡಿಸಿದ್ದಲ್ಲ.

ಸಮಯದ ವಿಷಯಕ್ಕೆ ಬರೋಣ. ಶಿಫ್ಟ್ ಬದಲಾಗುವವರು 'ರಾತ್ರಿ ಒಂಬತ್ತಕ್ಕೆ' ಅಂತ ಇಟ್ಟುಕೊಂಡರೆ ಒಂದು ವಾರ ಮನೆಯಲ್ಲಿರುತ್ತಾರೆ, ಇನ್ನೊಂದು ವಾರ ಕೆಲಸದ ಜಾಗದಲ್ಲಿ. ನೀವು ಎರಡೂ ವಾರ ಮನೆಯಲ್ಲೇ ಇರುವ ಒಂದು ಹೊತ್ತನ್ನು ಹುಡುಕಿ. ಹಗಲು ಪಾಳಿಯಲ್ಲಿ ಹೊರಡುವ ಮುಂಚೆ ಬೆಳಿಗ್ಗೆ ಏಳು, ರಾತ್ರಿ ಪಾಳಿಯಲ್ಲಿ ಮನೆಗೆ ಬಂದ ಮೇಲೆ ಎಂಟು. ಹೀಗೆ ಆದರೆ ನಡೆಯುತ್ತದೆ. ಅಲಾರಂ ಇಡಿ, ಜೊತೆಗೆ ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಅಂಟಿಸಿಕೊಳ್ಳಿ. ನಮ್ಮಲ್ಲಿಗೆ ಬರುವ ಒಬ್ಬರ ಡಬ್ಬಿಯಲ್ಲಿ ಪ್ರತಿ ತಿಂಗಳೂ ನಾಲ್ಕು ಮಾತ್ರೆ ಉಳಿಯುತ್ತಿತ್ತು. ತಟ್ಟೆಗೆ ಸುರಿದು ಐದೈದಾಗಿ ಸರಿಸಿ ಎಣಿಸುವಾಗ ಪ್ರತಿ ಸಲವೂ ನಾಲ್ಕೇ, ಒಮ್ಮೊಮ್ಮೆ ಐದು. ಅವರ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂತೆ. ತಪ್ಪುತ್ತಿದ್ದದ್ದು ರಜೆಯ ದಿನ! ಕೆಲಸಕ್ಕೆ ಹೊರಡುವಾಗ ಬ್ಯಾಗ್ ಹೆಗಲಿಗೇರಿಸಿ ನುಂಗುವುದು ರೂಢಿಯಾಗಿತ್ತು. ರಜೆಯ ದಿನ ಬ್ಯಾಗೂ ಇಲ್ಲ, ಮಾತ್ರೆಯೂ ಇಲ್ಲ. ಹಲ್ಲುಜ್ಜಿದ ತಕ್ಷಣ ಅಂತ ಬದಲಾಯಿಸಿಕೊಂಡರು, ಆಮೇಲೆ ಡಬ್ಬಿ ಖಾಲಿಯಾಗಿಯೇ ಬಂತು. ಅವರದು ಅಸಡ್ಡೆ ಅಂತ ಯಾರಾದರೂ ಬೈದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮನೆಯವರಿಗೆ ಗೊತ್ತಾಗುತ್ತೆ ಅನ್ನುವ ಭಯ ಸಣ್ಣದಲ್ಲ. ಮಾತ್ರೆ ತಪ್ಪಲು ನಾನು ಕಂಡ ಕಾರಣಗಳಲ್ಲಿ ಮರೆವಿಗಿಂತ ಇದೇ ಜಾಸ್ತಿ. ಡಬ್ಬಿ ಅಲ್ಲಾಡಿದರೆ ಗಲಗಲ ಸದ್ದು ಬರುತ್ತದೆ, ಕೆಲವರು ಅದಕ್ಕೇ ಒಳಗೆ ಹತ್ತಿ ತುರುಕುತ್ತಾರೆ. ನೀವು ಫಾರ್ಮಸಿಯಲ್ಲಿ ಕೇಳಿ, ನಿಮ್ಮ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಬಹುದಾ ಅಂತ. ಹೂಂ ಅಂದರೆ ಒಂದು ವಾರಕ್ಕಾಗುವಷ್ಟನ್ನು ಸಾಧಾರಣ ಮಾತ್ರೆ ಡಬ್ಬಿಗೆ ಹಾಕಿಟ್ಟುಕೊಳ್ಳಿ. ಉಳಿದದ್ದು ಮೂಲ ಡಬ್ಬಿಯಲ್ಲೇ ಇರಲಿ, ಅದರೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನು ಬಿಸಾಡಬೇಡಿ. ಒಂದೆರಡು ದಿನದ್ದು ಕೆಲಸಕ್ಕೆ ಒಯ್ಯುವ ಬ್ಯಾಗಿನಲ್ಲೂ ಇರಲಿ. ಕ್ರಮೇಣ ಒಬ್ಬರಿಗಾದರೂ ಹೇಳಿ. ಅಣ್ಣನಿಗೇ ಆಗಬೇಕೆಂದಿಲ್ಲ, ನಂಬುವ ಒಬ್ಬ ಗೆಳೆಯ ಸಾಕು.

ಶುರು ಮಾಡುವ ಮುಂಚೆ ಅಥವಾ ಆ ಹೊತ್ತಿಗೇ ಕಿಡ್ನಿ, ಲಿವರ್, ಹೆಪಟೈಟಿಸ್ ಬಿ, ಟಿಬಿ ತಪಾಸಣೆ ಆಗಿದೆಯಾ ಅಂತ ಕೇಳಿ. ಟೆನೊಫೊವಿರ್ ಕಿಡ್ನಿಗೂ ಮೂಳೆಗೂ ಸ್ವಲ್ಪ ಭಾರ. ಮೊದಲೇ ಕಿಡ್ನಿ ತೊಂದರೆ ಇದ್ದರೆ ಬೇರೆ ದಾರಿ ಇದೆ. ಟೆನೊಫೊವಿರ್ ಬದಲು ಅಬಕಾವಿರ್ ಬರೆದರೆ ಅದಕ್ಕೆ ಮುಂಚೆ ಎಚ್‌ಎಲ್‌ಎ-ಬಿ 5701 ಅನ್ನುವ ಪರೀಕ್ಷೆ ಬೇಕು. ಅದು ಪಾಸಿಟಿವ್ ಬಂದವರಿಗೆ ಅಬಕಾವಿರ್ ಜೀವಕ್ಕೇ ಕುತ್ತಾಗುವ ಅಲರ್ಜಿ ತರಬಹುದು. ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಖಿನ್ನತೆಗೆ, ಫಿಟ್ಸ್‌ಗೆ, ಬೇರೆ ಯಾವುದಕ್ಕೇ ಮಾತ್ರೆ ನಡೆಯುತ್ತಿದ್ದರೂ ಹೇಳಿ.

ಭಯದ ಬಗ್ಗೆ ಒಂದು ಮಾತು. ಜೀವಮಾನದ ಮಾತ್ರೆಯನ್ನು ನೀವು ಇವತ್ತೇ ಆರಿಸಬೇಕಿಲ್ಲ. ಈಗ ಹೊಂದುವುದನ್ನು ಶುರು ಮಾಡಿ. ಹೊಂದಲಿಲ್ಲ ಅಂದರೆ ಹೋಗಿ ಹೇಳಿ, ಬದಲಾಯಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಅಷ್ಟೇ. ಶುರು ಮಾಡುವುದನ್ನು ಮುಂದೂಡಲೂಬೇಡಿ. ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಚೆನ್ನಾಗಿದ್ದರೂ ಬೇಗ ಶುರು ಮಾಡಿದವರಿಗೆ ಒಳ್ಳೆಯದಾಗುತ್ತದೆ ಅಂತ 2015ರಲ್ಲಿ ಬಂದ ಸ್ಟಾರ್ಟ್ ಅಧ್ಯಯನ ತೋರಿಸಿದೆ. ಇನ್ನೊಂದು, ನೀವು ಕೇಳದೇ ಇದ್ದರೂ ಹೇಳುತ್ತೇನೆ. ಮಾತ್ರೆ ಸರಿಯಾಗಿ ನುಂಗಿ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನಗಳಲ್ಲಿ ಹಾಗೆ ಹರಡಿದ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. ಮದುವೆ, ಮಕ್ಕಳು ಯಾವುದೂ ಮುಗಿದುಹೋಗಿಲ್ಲ. ಕೇಳಿದ ಆ ಒಂದು ವಾರ ಮುಗಿಯುವ ತನಕ ಕಾಯಬೇಡಿ, ನಾಳೆಯೇ ಹೋಗಿ.

ಪ್ರಶ್ನೆ: ನನಗೆ 44. ಹನ್ನೊಂದು ವರ್ಷದಿಂದ ಎಫಾವಿರೆನ್ಜ್ ಇರುವ ಮಾತ್ರೆ ನುಂಗುತ್ತಿದ್ದೇನೆ. ವೈರಸ್ ಪತ್ತೆಯಾಗುತ್ತಿಲ್ಲ. ಕನಸು ಜಾಸ್ತಿ ಬೀಳುತ್ತೆ, ಬೆಳಿಗ್ಗೆ ತಲೆ ಭಾರ, ಆದರೆ ರೂಢಿಯಾಗಿದೆ. ಈಗ ಡಾಕ್ಟರ್ ಹೊಸ ಮಾತ್ರೆಗೆ ಬದಲಾಯಿಸಿಕೊಳ್ಳಿ ಅಂತಿದ್ದಾರೆ. ಸರಿಯಾಗಿ ಕೆಲಸ ಮಾಡ್ತಿರೋದನ್ನ ಯಾಕೆ ಸುಮ್ನೆ ಕೆದಕಬೇಕು? ಹೊಸದರಲ್ಲಿ ದಪ್ಪ ಆಗ್ತಾರೆ ಅಂತಾನೂ ಕೇಳಿದೆ.

ಉತ್ತರ: ಹನ್ನೊಂದು ವರ್ಷ ಒಂದು ಮಾತ್ರೆಯನ್ನು ಬಿಡದೆ ನುಂಗಿದ್ದೀರಲ್ಲ, ಮೊದಲು ಅದಕ್ಕೆ ನನ್ನ ನಮಸ್ಕಾರ. ಹಾಗಿರುವಾಗ ಬದಲಾವಣೆ ಅಂದರೆ ಹಿಂಜರಿಕೆ ಸಹಜ.

ಆದರೆ 'ರೂಢಿಯಾಗಿದೆ' ಅಂದಿರಿ ನೋಡಿ, ಅಲ್ಲಿ ನಿಲ್ಲೋಣ. ಎಫಾವಿರೆನ್ಜ್ ಮೆದುಳಿನ ಮೇಲೆ ಕೆಲಸ ಮಾಡುತ್ತದೆ. ಬೆಚ್ಚಿಬೀಳಿಸುವ ಕನಸು, ತಲೆ ತಿರುಗು, ಗಮನ ನಿಲ್ಲದಿರುವುದು, ಕೆಲವರಲ್ಲಿ ಮನಸ್ಸು ಕುಗ್ಗುವುದು. ವರ್ಷಗಟ್ಟಲೆ ಇದರ ಜೊತೆಗೇ ಇದ್ದು ತನ್ನ ಸ್ವಭಾವವೇ ಹೀಗೆ ಅಂದುಕೊಂಡವರಿದ್ದಾರೆ. ಮಾತ್ರೆ ಬದಲಾದ ಮೇಲೆ ನಮ್ಮ ಕಿಟಕಿಗೆ ಬಂದು 'ಬೆಳಿಗ್ಗೆ ಏಳೋದು ಇಷ್ಟು ಹಗುರ ಇರುತ್ತೆ ಅಂತ ಮರೆತೇಹೋಗಿತ್ತು' ಅಂದವರ ಮುಖ ನನ್ನ ಕಣ್ಣಮುಂದಿದೆ. ನಿಮಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಆದರೆ ನೀವು ಸಹಿಸಿಕೊಂಡಿರುವುದು ಸಹಿಸಲೇಬೇಕಾದದ್ದಲ್ಲ.

ಇನ್ನೊಂದು ಕಾರಣವೂ ಇದೆ. ಎಫಾವಿರೆನ್ಜ್‌ಗೆ ಬಗ್ಗದಿರುವುದನ್ನು ವೈರಸ್ ಸುಲಭವಾಗಿ ಕಲಿಯುತ್ತದೆ. ಇಷ್ಟು ವರ್ಷ ನೀವು ತಪ್ಪಿಸಿಲ್ಲ. ಮುಂದೆ ಎಂದಾದರೂ ಆಸ್ಪತ್ರೆ, ಪ್ರಯಾಣ, ಮನೆಯ ತೊಂದರೆ ಅಂತ ನಾಲ್ಕು ದಿನ ತಪ್ಪಿದರೆ ಡೊಲುಟೆಗ್ರಾವಿರ್ ನಿಮ್ಮನ್ನು ಹೆಚ್ಚು ಕಾಪಾಡುತ್ತದೆ.

ತೂಕದ ಮಾತು ನಿಜ. ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಡ್ವಾನ್ಸ್ ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ತಗೊಂಡವರ ತೂಕ ಜಾಸ್ತಿ ಏರಿತು, ಅದರಲ್ಲೂ ಹೆಂಗಸರದ್ದು. ಜೊತೆಗೆ ಟೆನೊಫೊವಿರ್‌ನ ಹೊಸ ರೂಪ ಟಿಎಎಫ್ ಇದ್ದಾಗ ಇನ್ನೂ ಜಾಸ್ತಿ. ಇದರಲ್ಲಿ ಒಂದು ಪಾಲು ಎಫಾವಿರೆನ್ಜ್ ಕೆಲವರ ತೂಕವನ್ನು ಏರಗೊಡದೆ ಹಿಡಿದಿಟ್ಟಿದ್ದರಿಂದ ಕಾಣುವ ವ್ಯತ್ಯಾಸ. ಬದಲಾಯಿಸುವ ದಿನ ತೂಕ, ಸೊಂಟದ ಸುತ್ತಳತೆ ಬರೆದಿಡಿ. ಬಿಪಿ, ಶುಗರ್ ಕೂಡ ನೋಡಿಸಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿಕೊಳ್ಳಿ. ಏರುತ್ತಿದೆ ಅನ್ನಿಸಿದರೆ ಡಾಕ್ಟರ್‌ಗೆ ತೋರಿಸಲು ಅಂಕಿಯೇ ಕೈಯಲ್ಲಿರುತ್ತದೆ. ಅವರು ಹಾರಿಕೆಯ ಉತ್ತರ ಕೊಡದ ಹಾಗೆ ನೀವು ಕೇಳಬಹುದು.

ಹೊಸದನ್ನು ಬೆಳಿಗ್ಗೆ ನುಂಗಿ. ಎಫಾವಿರೆನ್ಜ್ ಮಲಗುವಾಗ ನುಂಗುವುದು, ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಹಳೆ ಅಭ್ಯಾಸದಂತೆ ರಾತ್ರಿ ನುಂಗಿ ನಿದ್ದೆ ಬಾರದೆ 'ಹೊಸ ಮಾತ್ರೆ ನನಗಾಗಲ್ಲ' ಅಂತ ಬಂದವರಿಗೆ ಹೊತ್ತು ಬದಲಾಯಿಸಿದ್ದೇ ಸಾಕಾಗಿದೆ. ಹಳೆಯದು, ಹೊಸದು ಎರಡರ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಹಾಗಂತ ಎರಡನ್ನೂ ಒಟ್ಟಿಗೆ ನುಂಗಲೂಬೇಡಿ. ಎರಡರಲ್ಲೂ ಟೆನೊಫೊವಿರ್ ಇರುತ್ತದೆ, ದುಪ್ಪಟ್ಟು ಆಗಿ ಕಿಡ್ನಿಗೆ ಹೊಡೆತ. ಉಳಿದ ಹಳೆ ಡಬ್ಬಿಯನ್ನು ವಾಪಸ್ ಕೊಟ್ಟುಬಿಡಿ.

ನಿಮಗೆ ಹೆಪಟೈಟಿಸ್ ಬಿ ಇದೆಯಾ ಅಂತ ಒಮ್ಮೆ ಫೈಲಿನಲ್ಲಿ ನೋಡಿಸಿ. ಟೆನೊಫೊವಿರ್ ಅದನ್ನೂ ಹತ್ತಿಕ್ಕುತ್ತದೆ. ಟೆನೊಫೊವಿರ್ ಇಲ್ಲದ ಮಾತ್ರೆಗೆ ಯಾರಾದರೂ ಬದಲಾಯಿಸಿದರೆ ಲಿವರ್ ಒಮ್ಮೆಲೇ ಕೆರಳಬಹುದು. ಇಂಥವರಿಗೆ ಡೊಲುಟೆಗ್ರಾವಿರ್, ಲ್ಯಾಮಿವುಡಿನ್ ಎರಡೇ ಇರುವ ಮಾತ್ರೆ ಸಾಲುವುದಿಲ್ಲ.

ಪ್ರಶ್ನೆ: 58 ವರ್ಷ, ನಿವೃತ್ತಿ ಹತ್ತಿರ. ಟಿಎಲ್‌ಡಿ ಒಂದು ದಿನವೂ ತಪ್ಪಿಸಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೂ ಪತ್ತೆಯಾಗದ ವೈರಸ್ ಈ ಸಲ 640 ಅಂತ ಬಂದಿದೆ. ಕೌನ್ಸೆಲರ್ ನಂಬುತ್ತಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಎಲ್ಲ ಮಾತ್ರೆ ಒಟ್ಟಿಗೆ ನುಂಗಿಬಿಡುತ್ತೇನೆ: ಶುಗರ್‌ದು, ಕ್ಯಾಲ್ಸಿಯಂ, ಎಚ್‌ಐವಿದು. ಎದೆಯುರಿ ಇರುವುದರಿಂದ ಆಂಟಾಸಿಡ್ ಸಿರಪ್ ಕೂಡ.

ಉತ್ತರ: ನಾನು ನಂಬುತ್ತೇನೆ. ಉತ್ತರ ನಿಮ್ಮ ಪತ್ರದಲ್ಲೇ ಇರುವ ಹಾಗೆ ಕಾಣುತ್ತದೆ.

ಆಂಟಾಸಿಡ್ ಸಿರಪ್‌ನಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಇವು, ಕ್ಯಾಲ್ಸಿಯಂ, ಕಬ್ಬಿಣ, ಸತು ಎಲ್ಲವೂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡುಬಿಡುತ್ತವೆ. ಔಷಧಿ ಪೂರ್ತಿಯಾಗಿ ರಕ್ತಕ್ಕೆ ಇಳಿಯುವುದಿಲ್ಲ, ಒಂದಷ್ಟು ಹಾಗೇ ಹೊರಟುಹೋಗುತ್ತದೆ. ನೀವು ನುಂಗಿದ್ದೀರಿ, ಮೈಗೆ ಪೂರ್ತಿ ಸಿಕ್ಕಿಲ್ಲ.

ಹೀಗೆ ಮಾಡಿ ನೋಡಿ. ಬೆಳಿಗ್ಗೆ ಏಳಕ್ಕೆ ಟಿಎಲ್‌ಡಿ. ಆಂಟಾಸಿಡ್ ಅದಕ್ಕಿಂತ ಆರು ಗಂಟೆ ಮುಂಚೆ ಮುಗಿದಿರಬೇಕು, ಇಲ್ಲವೇ ಎರಡು ಗಂಟೆ ಕಳೆದ ಮೇಲೆ ತಗೊಳ್ಳಬೇಕು. ಅಂದರೆ ಒಂಬತ್ತರ ನಂತರ ಯಾವಾಗ ಬೇಕಾದರೂ ಸರಿ, ರಾತ್ರಿ ಮಲಗುವಾಗ ಹತ್ತಕ್ಕೆ ತಗೊಂಡರೂ ಸರಿ. ನಡುರಾತ್ರಿ ಮೂರಕ್ಕೆ ಎದೆಯುರಿ ಅಂತ ಎದ್ದು ಕುಡಿದರೆ ಮಾತ್ರ ಆ ದಿನ ಟಿಎಲ್‌ಡಿಯನ್ನು ಒಂಬತ್ತರ ಮೇಲಕ್ಕೆ ತಳ್ಳಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಹಾಕಿಬಿಡಿ. ಟಿಎಲ್‌ಡಿ ಜೊತೆಗೇ ನುಂಗಬೇಕು ಅಂದರೆ ಎರಡನ್ನೂ ಊಟದ ಜೊತೆಗೆ ನುಂಗಬೇಕು, ಖಾಲಿ ಹೊಟ್ಟೆಗೆ ಆಗದು. ಎದೆಯುರಿ ದಿನಾ ಇದ್ದರೆ ಒಮೆಪ್ರಜೋಲ್ ತರಹದ್ದು ಡೊಲುಟೆಗ್ರಾವಿರ್‌ಗೆ ಅಡ್ಡ ಬರುವುದಿಲ್ಲ, ಡಾಕ್ಟರ್ ಹತ್ತಿರ ಕೇಳಿ. (ಇದನ್ನು ಓದುತ್ತಿರುವ ಬೇರೆಯವರು ರಿಲ್ಪಿವಿರಿನ್ ನುಂಗುತ್ತಿದ್ದರೆ ಅದರ ಜೊತೆ ಒಮೆಪ್ರಜೋಲ್ ಕೂಡದು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ.)

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ ಅದನ್ನೂ ತೋರಿಸಿ. ಡೊಲುಟೆಗ್ರಾವಿರ್ ಅದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಅದಕ್ಕೇ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ. ಕಿಡ್ನಿ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ತುಸು ಏರಿದ್ದು ಕಂಡರೂ ಗಾಬರಿ ಬೇಡ. ಡೊಲುಟೆಗ್ರಾವಿರ್‌ನಿಂದ ಕಿಡ್ನಿಗೆ ಏಟಾಗದೆಯೂ ಆ ಅಂಕಿ ಸ್ವಲ್ಪ ಏರುತ್ತದೆ. ಜಾಸ್ತಿ ಏರುತ್ತಾ ಹೋದರೆ ಮಾತ್ರ ಡಾಕ್ಟರ್ ಟೆನೊಫೊವಿರ್ ಕಡೆ ನೋಡುತ್ತಾರೆ.

640 ಅಂದರೆ ಚಿಕಿತ್ಸೆ ಸೋತಿದೆ ಅಂತ ಅರ್ಥವಲ್ಲ. ಹೊತ್ತು ಸರಿಮಾಡಿಕೊಂಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಟಾನಿಕ್, ಪುಡಿ ಒಂದು ಚೀಲಕ್ಕೆ ಹಾಕಿ ಒಯ್ದು ಫಾರ್ಮಸಿಸ್ಟ್ ಮುಂದೆ ಸುರಿಯಿರಿ. 'ಬೇರೆ ಏನಾದ್ರೂ ತಗೋತೀರಾ' ಅಂತ ಕೇಳಿದಾಗ ಯಾರೂ ಆಂಟಾಸಿಡ್ ಹೆಸರು ಹೇಳುವುದಿಲ್ಲ, ಅದನ್ನು ಔಷಧಿ ಅಂತಲೇ ಎಣಿಸುವುದಿಲ್ಲ. ಕೌನ್ಸೆಲರ್‌ಗೆ ಈ ಪುಟ ತೋರಿಸಿ ಬೇಕಾದರೆ.

ಪ್ರಶ್ನೆ: ಬೆಳಿಗ್ಗೆ ಮರೆತು ಸಂಜೆ ನೆನಪಾದರೆ ನುಂಗಬಹುದಾ? ಮರುದಿನ ಎರಡು ನುಂಗಿದರೆ ಸರಿಹೋಗುತ್ತಾ?

ಉತ್ತರ: ನೆನಪಾದ ತಕ್ಷಣ ನುಂಗಿ. ಡೊಲುಟೆಗ್ರಾವಿರ್ ಆದರೆ ಮುಂದಿನ ಡೋಸ್‌ಗೆ ನಾಲ್ಕು ಗಂಟೆಗಿಂತ ಕಡಿಮೆ ಇದ್ದಾಗ ಮಾತ್ರ ತಪ್ಪಿದ್ದನ್ನು ಬಿಟ್ಟುಬಿಡಿ, ಮುಂದಿನದನ್ನು ಅದರ ಹೊತ್ತಿಗೆ ನುಂಗಿ. ಎರಡು ಒಟ್ಟಿಗೆ ಬೇಡ. ಒಂದು ದಿನ ತಪ್ಪಿತು ಅಂತ ಬೇಸರದಲ್ಲಿ ಇಡೀ ವಾರ ಕೈಬಿಡುವವರಿದ್ದಾರೆ, ಅದೇ ನಿಜವಾದ ಅಪಾಯ. 2006ರ ಸ್ಮಾರ್ಟ್ ಅಧ್ಯಯನದಲ್ಲಿ ಸಿಡಿ4 ಚೆನ್ನಾಗಿದೆ ಅಂತ ಚಿಕಿತ್ಸೆಯನ್ನು ನಿಲ್ಲಿಸಿ ನಿಲ್ಲಿಸಿ ಕೊಟ್ಟವರಲ್ಲಿ ಕಾಯಿಲೆ, ಸಾವು ಎರಡೂ ಜಾಸ್ತಿಯಾದವು.

ಪ್ರಶ್ನೆ: ದಿನಾ ಮಾತ್ರೆಯ ಮುಖ ನೋಡಿದರೆ ಕಾಯಿಲೆಯೇ ನೆನಪಾಗುತ್ತದೆ. ಇಂಜೆಕ್ಷನ್ ಬಂದಿದೆಯಂತೆ, ಎರಡು ತಿಂಗಳಿಗೊಮ್ಮೆ. ಅದಕ್ಕೆ ಹೋಗಲಾ? ನಾನು ಕೆಲಸದ ಮೇಲೆ ಊರೂರು ಸುತ್ತುವವಳು.

ಉತ್ತರ: ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್, ಎರಡು ಇಂಜೆಕ್ಷನ್, ಎರಡೂ ಪೃಷ್ಠದ ಸ್ನಾಯುವಿಗೆ. ಮೊದಲ ಎರಡು ಸಲ ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ಮಾತ್ರೆ ನುಂಗಲಾಗದೆ ಒದ್ದಾಡಿದವರ ಮೇಲೆಯೇ ನಡೆದ ಲ್ಯಾಟಿಟ್ಯೂಡ್ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಅಂಥವರಿಗೆ ದಿನದ ಮಾತ್ರೆಗಿಂತ ಇಂಜೆಕ್ಷನ್ನೇ ಮೇಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ, ವೈರಸ್ ಹತೋಟಿಯಲ್ಲಿದ್ದು ಹೆಪಟೈಟಿಸ್ ಬಿ ಇಲ್ಲದವರು ಇದಕ್ಕೆ ಬದಲಾಗಬಹುದು ಅಂತ ಹೇಳಿದೆ.

ನಿಮ್ಮ ಮನಸ್ಸಿನ ಭಾರಕ್ಕೆ ಇದು ಒಳ್ಳೆಯ ಕಾರಣವೇ. ಅದನ್ನು ಸಣ್ಣದು ಅಂತ ಯಾರೂ ತಳ್ಳಿಹಾಕಬಾರದು. ಆದರೆ ನಿಮ್ಮ ಸುತ್ತಾಟ ನನಗೆ ಚಿಂತೆ. ನಿಗದಿಯಾದ ದಿನದ ಹಿಂದೆ ಮುಂದೆ ಏಳು ದಿನದೊಳಗೆ ಕೇಂದ್ರದಲ್ಲಿ ಇರಲೇಬೇಕು. ಇಂಜೆಕ್ಷನ್ ನಿಲ್ಲಿಸಿದರೆ ಔಷಧಿ ಒಮ್ಮೆಲೇ ಹೋಗುವುದಿಲ್ಲ. ಒಂದು ವರ್ಷ, ಇನ್ನೂ ಜಾಸ್ತಿ ಕಾಲ ಚೂರುಚೂರು ಮೈಯಲ್ಲಿ ಉಳಿಯುತ್ತದೆ. ವೈರಸ್ ಅನ್ನು ತಡೆಯಲು ಸಾಲದ, ಆದರೆ ಅದಕ್ಕೆ ತಪ್ಪಿಸಿಕೊಳ್ಳುವುದನ್ನು ಕಲಿಸಲು ಸಾಕಾಗುವಷ್ಟು. ಹಾಗಾದರೆ ಮುಂದೆ ಡೊಲುಟೆಗ್ರಾವಿರ್ ಗುಂಪಿನ ಔಷಧಿಗಳೂ ಕೈತಪ್ಪಬಹುದು. ಮುಂದಿನ ಒಂದು ವರ್ಷದ ನಿಮ್ಮ ಓಡಾಟದ ಪಟ್ಟಿ ತೆಗೆದುಕೊಂಡು ಏಳು ತಾರೀಖು ಗುರುತು ಹಾಕಿ ನೋಡಿ. ಏಳೂ ದಿನ ಬರಬಲ್ಲೆ, ತಪ್ಪಿದರೆ ಮಾತ್ರೆ ಶುರು ಮಾಡಿಕೊಳ್ಳುತ್ತೇನೆ ಅಂತ ಧೈರ್ಯವಾಗಿ ಹೇಳಬಲ್ಲಿರಾದರೆ ಡಾಕ್ಟರ್ ಹತ್ತಿರ ಮಾತಾಡಿ. ಸಿಗುತ್ತದಾ ಅನ್ನುವುದನ್ನೂ ಅವರೇ ಹೇಳಬೇಕು. ಆರು ತಿಂಗಳಿಗೊಮ್ಮೆಯ ಲೆನಕಾಪಾವಿರ್ ಬಗ್ಗೆ ಕೇಳಿರುತ್ತೀರಿ. ಚಿಕಿತ್ಸೆಗೆ ಅದೊಂದೇ ಸಾಲದು, ಬೇರೆ ಔಷಧಿ ಜೊತೆಗಿರಬೇಕು.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಹದಿನೈದು. ಹುಟ್ಟಿನಿಂದ ಎಚ್‌ಐವಿ. ಲೋಪಿನಾವಿರ್ ಇರುವ ಮಾತ್ರೆ ಬೆಳಿಗ್ಗೆ, ರಾತ್ರಿ ಎರಡು ಹೊತ್ತು. ಈಚೆಗೆ ಹಾಸಿಗೆ ಕೊಡವಿದಾಗ ಕೆಳಗಿಂದ ಮಾತ್ರೆ ಉದುರಿದವು. ಹೊಡೆದೂ ಆಯಿತು, ಅತ್ತೂ ಆಯಿತು. ವೈರಲ್ ಲೋಡ್ ಸಾವಿರ ದಾಟಿದೆ. ಯಾವುದಕ್ಕೆ ಈ ಮಾತ್ರೆ ಅಂತ ಅವನಿಗೆ ನಾನು ಹೇಳಿಲ್ಲ. 'ರಕ್ತ ಶಕ್ತಿಗೆ' ಅಂದಿದ್ದೇನೆ.

ಉತ್ತರ: ತಂಗೀ, ಇನ್ನು ಹೊಡೆಯಬೇಡ. ಆ ಮಾತ್ರೆ ನೀನೇ ಒಂದು ಸಲ ಕೈಯಲ್ಲಿ ಹಿಡಿದು ನೋಡು. ಉದ್ದ, ದಪ್ಪ, ಜಗಿಯುವ ಹಾಗಿಲ್ಲ, ಪುಡಿ ಮಾಡುವ ಹಾಗಿಲ್ಲ. ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಅದನ್ನು ಎರಡು ಹೊತ್ತು, ಯಾತಕ್ಕೆ ಅಂತ ಗೊತ್ತಿಲ್ಲದೆ, ವರ್ಷಗಟ್ಟಲೆ ನುಂಗಿದ್ದಾನೆ ಆ ಹುಡುಗ.

ಮಾತ್ರೆಯ ಕಷ್ಟಕ್ಕೆ ದಾರಿ ಇದೆ. ಮೂವತ್ತು ಕಿಲೋ ದಾಟಿದ ಮಕ್ಕಳಿಗೆ ದೊಡ್ಡವರ ಟಿಎಲ್‌ಡಿಯನ್ನೇ ಕೊಡಬಹುದು. ದಿನಕ್ಕೊಂದು, ಊಟದ ಹಂಗಿಲ್ಲ. ಮಕ್ಕಳು, ಹದಿಹರೆಯದವರ ಮೇಲೆ ನಡೆದ ಒಡಿಸ್ಸಿ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಡೊಲುಟೆಗ್ರಾವಿರ್ ಕೊಟ್ಟ ಮಕ್ಕಳ ಚಿಕಿತ್ಸೆ ಉಳಿದವರಿಗಿಂತ ಚೆನ್ನಾಗಿ ನಡೆಯಿತು. ಡಾಕ್ಟರ್ ಹತ್ತಿರ ನೇರವಾಗಿ ಕೇಳು: 'ಇವನಿಗೆ ದಿನಕ್ಕೊಂದು ಮಾತ್ರೆಗೆ ಬದಲಾಯಿಸಬಹುದಾ? ಅದಕ್ಕೆ ಮುಂಚೆ ರೆಸಿಸ್ಟೆನ್ಸ್ ಪರೀಕ್ಷೆ (ವೈರಸ್ ಯಾವ ಔಷಧಿಗೆ ಬಗ್ಗುವುದಿಲ್ಲ ಅಂತ ನೋಡುವುದು) ಬೇಕಾ?' ಹಾಸಿಗೆ ಕೆಳಗೆ ಸಿಕ್ಕ ಮಾತ್ರೆಯ ವಿಷಯವನ್ನೂ ಮುಚ್ಚಿಡದೆ ಹೇಳು. ಇಲ್ಲದಿದ್ದರೆ ಔಷಧಿಯೇ ಸೋತಿದೆ ಅಂದುಕೊಂಡು ಇನ್ನೂ ಕಷ್ಟದ್ದನ್ನು ಬರೆದುಬಿಡಬಹುದು.

ಆದರೆ ಮಾತ್ರೆ ಸುಲಭವಾದರೂ ಕಾರಣ ತಿಳಿಯದೆ ಅವನು ನುಂಗುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಮಕ್ಕಳಿಗೆ ಹಂತ ಹಂತವಾಗಿ ತಿಳಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿನ್ನ ಮಗನಿಗೆ ಹದಿನೈದು, ಕೈಯಲ್ಲಿ ಮೊಬೈಲ್ ಇದ್ದರೆ ಡಬ್ಬಿಯ ಮೇಲಿನ ಹೆಸರು ಹಾಕಿ ಆಗಲೇ ಓದಿರಬಹುದು. ಗೊತ್ತಿದ್ದೂ ಕೇಳಲಾಗದೆ ಒಬ್ಬನೇ ಹೊತ್ತುಕೊಂಡಿರಬಹುದು. ನಿನ್ನಿಂದಲೇ ಬಂತು ಅನ್ನುವ ಮಾತು ಹೇಗೆ ಆಡಲಿ ಅಂತ ನೀನು ಹೆದರಿದ್ದೀಯ, ನನಗೆ ಅರ್ಥವಾಗುತ್ತದೆ. ಒಬ್ಬಳೇ ಹೇಳಬೇಕಾಗಿಲ್ಲ. ಕೌನ್ಸೆಲರ್ ಜೊತೆ ಮೊದಲು ನೀನು ಕೂತು ಏನು ಹೇಳುವುದು ಅಂತ ಮಾತಾಡಿಕೋ. ಆಮೇಲೆ ಮೂವರೂ ಕೂರಿ. ನಿಮ್ಮ ಕೇಂದ್ರಕ್ಕೆ ಬರುವ ಅವನ ವಯಸ್ಸಿನ ಹುಡುಗರ ಗುಂಪು ಇದೆಯಾ ಅಂತ ಕೇಳು. ಅಮ್ಮನ ನೂರು ಮಾತಿಗಿಂತ ಅಲ್ಲಿ ಒಬ್ಬ ಹುಡುಗ 'ನಾನೂ ನುಂಗ್ತೀನಿ ಕಣೋ' ಅನ್ನುವುದು ಹೆಚ್ಚು ನಾಟುತ್ತದೆ.

ಎಷ್ಟು ಹೊತ್ತಿಗೆ ನುಂಗುವುದು, ಡಬ್ಬಿ ಎಲ್ಲಿಡುವುದು, ಯಾರು ನೆನಪಿಸಬೇಕು ಅನ್ನುವುದನ್ನು ಅವನೇ ತೀರ್ಮಾನ ಮಾಡಲಿ. ಡಾಕ್ಟರ್ ಅವನನ್ನೇ ಕೇಳಲಿ, ನೀನು ಸ್ವಲ್ಪ ಹೊತ್ತು ಹೊರಗೆ ಕೂತಿರು. ಮೊದಲ ಮೂರು ತಿಂಗಳು ನಿನ್ನ ಕಣ್ಣೆದುರು ನುಂಗುವುದಕ್ಕೆ ಅವನು ಒಪ್ಪಿದರೆ ಒಳ್ಳೆಯದು. ಅಷ್ಟಾದ ಮೇಲೆ ವೈರಲ್ ಲೋಡ್ ಮತ್ತೆ ಮಾಡಿಸಿ, ಬಂದ ರಿಪೋರ್ಟನ್ನು ಅವನ ಕೈಗೇ ಕೊಡಿ. ನನಗೂ ಒಂದು ಸಾಲು ಬರೆ ತಂಗೀ, ಕಾಯುತ್ತಿರುತ್ತೇನೆ.